ಟೆನೆಸಿಗೆ ಬೋಲ್ಟು ಹಾಕಿದ ಮಂಚ

ವರ್ಲಿ ಫ್ಲೀನರ್ ಕೈಯಿಂದ ಏಟು ತಿನ್ನದ ಮನುಷ್ಯ ನಮ್ಮ ಕಣಿವೆಯಲ್ಲಿ ಇಲ್ಲ ಎಂದು ಜನ ಹೇಳುತ್ತಾರೆ. ಸ್ವಲ್ಪ ಉಪ್ಪುಖಾರ ಹಚ್ಚಿದ ಮಾತು ಇರಬಹುದು, ಸುಳ್ಳಂತೂ ಅಲ್ಲ. ಶಾಲೆಯಲ್ಲಿದ್ದಾಗ ಅವಳ ಅಪ್ಪನನ್ನು ಕಳ್ಳಭಟ್ಟಿಯವನು ಎಂದು ಹಂಗಿಸಿದ ಹುಡುಗನ ಕಿವಿ ಕಚ್ಚಿ ತುಂಡು ಉಗುಳಿದಳು. ಆ ಹುಡುಗ ಈಗ ಅಜ್ಜನಾಗಿದ್ದಾನೆ, ಇವತ್ತಿಗೂ ಟೋಪಿಯನ್ನು ಒಂದು ಕಡೆಗೆ ಎಳೆದೇ ಹಾಕಿಕೊಳ್ಳುತ್ತಾನೆ. ಕೋಳಿ ಕಾರ್ಖಾನೆಯಲ್ಲಿ ಹಿಂದಿನಿಂದ ಬಂದು ಸೊಂಟಕ್ಕೆ ಕೈ ಹಾಕಿದ ಮೇಸ್ತ್ರಿಯನ್ನು, ಕೈಯಲ್ಲಿದ್ದ ಪುಕ್ಕ ಕಿತ್ತ ಕೋಳಿಯ ಕಾಲು ಹಿಡಿದುಕೊಂಡು, ಆ ಕೋಳಿಯಿಂದಲೇ ಮುಖಮೂತಿ ನೋಡದೆ ಬಾರಿಸಿದಳು. ಮದುವೆಯಾದ ಮೇಲೆ ಗಂಡ ಡ್ಯೂಯಿ ಒಂದು ಭಾನುವಾರ ಅವಳಿಗೆ ಹೊಡೆಯಲು ಬೆಲ್ಟು ಬಿಚ್ಚಿದ. ಒಲೆಯ ಮೇಲೆ ಹಂದಿಮಾಂಸ ಹುರಿಯುತ್ತಿದ್ದ ಎರಕದ ಬಾಣಲೆಯನ್ನು ಎತ್ತಿ ಅವನ ಮೊಣಕೈಗೆ ಕೊಟ್ಟಳು. ಮೂಳೆ ಮುರಿದ ಸದ್ದು ಅಂಗಳದವರೆಗೂ ಕೇಳಿಸಿತಂತೆ. ಹುರಿದ ಮಾಂಸ ನೆಲದ ಪಾಲಾಯಿತಲ್ಲ ಎನ್ನುವುದೊಂದೇ ಅವಳಿಗೆ ಬೇಸರ. ಅವತ್ತೇ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಇಷ್ಟೆಲ್ಲ ಮಾಡಿದವಳು ಒಬ್ಬನ ಮೇಲೆ ಮಾತ್ರ ಕೈ ಎತ್ತಿರಲಿಲ್ಲ. ಅವನು ಅವಳ ತಮ್ಮ, ಲಾಯಲ್. ಅವನ ಮೇಲೂ ಕೈ ಎತ್ತಬೇಕಾಗಿ ಬಂತಲ್ಲ, ಅದನ್ನು ಹೇಳಬೇಕೆಂದರೆ ಮೊದಲು ಆ ಹಾಳು ಮನೆಯ ವಿಷಯ ಹೇಳಬೇಕು.

ಟೆನೆಸಿ, ವರ್ಜೀನಿಯಾ ಎರಡು ರಾಜ್ಯಗಳ ಗಡಿ ಫ್ಲೀನರ್ ಮನೆಯ ನಡುಹಜಾರದಲ್ಲೇ ಹಾದು ಹೋಗುತ್ತದೆ. ಜಗಲಿ ಮತ್ತು ಮುಂದಿನ ಕೋಣೆ ವರ್ಜೀನಿಯಾ. ಅಡುಗೆಮನೆ ಮತ್ತು ಹಿಂದಿನ ಮಲಗುವ ಕೋಣೆ ಟೆನೆಸಿ. ಇದೇನೂ ಗೊತ್ತಿಲ್ಲದೆ ಆದದ್ದಲ್ಲ. ಅಪ್ಪ ಹೋಬರ್ಟ್ ಫ್ಲೀನರ್ ಗೂಟ ಹೊಡೆದು, ಹಗ್ಗ ಹಿಡಿದು, ಬೇಕೆಂದೇ ಹೀಗೆ ಕಟ್ಟಿಸಿದ್ದು. ಕಳ್ಳಭಟ್ಟಿ ಹಿಡಿಯಲು ಟೆನೆಸಿಯ ಪೊಲೀಸ್ ಮುಖ್ಯಸ್ಥ ಶೆರಿಫ್ ಬಂದರೆ ಅವನು ಮುಂದಿನ ಕೋಣೆಗೆ ಬಂದು ವರ್ಜೀನಿಯಾದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ವರ್ಜೀನಿಯಾದವನು ಬಂದರೆ ಎದ್ದು ಟೆನೆಸಿಯ ಅಡುಗೆಮನೆಗೆ ಹೋಗುತ್ತಿದ್ದ. ಒಂದು ರಾಜ್ಯದ ಶೆರಿಫ್‌ಗೆ ಇನ್ನೊಂದರಲ್ಲಿ ಕೈ ಹಾಕುವ ಹಕ್ಕಿಲ್ಲ.

"ಬನ್ನಿ ಶೆರಿಫರೇ, ಕಾಫಿ ಕುಡೀತೀರಾ? ಕೊಡ್ತೀನಿ, ಆದ್ರೆ ಹಜಾರ ಮಾತ್ರ ದಾಟ್ಬೇಡಿ," ಎನ್ನುತ್ತಿದ್ದ. ಶೆರಿಫ್ ಹಲ್ಲು ಕಡಿಯುತ್ತಾ ಅಲ್ಲೇ ನಿಂತು ಕಾಫಿ ಕುಡಿದು ಹೋಗುತ್ತಿದ್ದ.

ಒಂದು ಸಲ ತೆರಿಗೆಯ ತಕರಾರು ಎದ್ದು, ಮನುಷ್ಯ ಎಲ್ಲಿ ಮಲಗುತ್ತಾನೋ ಆ ರಾಜ್ಯದವನು ಎಂದು ನ್ಯಾಯಾಧೀಶರು ಹೇಳಿಬಿಟ್ಟರು. ಟೆನೆಸಿಯಲ್ಲಿ ಕೂಲಿಯ ಮೇಲೆ ತೆರಿಗೆ ಇಲ್ಲ. ಹೋಬರ್ಟ್ ಅವತ್ತೇ ಕಮ್ಮಾರನ ಹತ್ತಿರ ಹೋಗಿ ಉದ್ದನೆಯ ಬೋಲ್ಟು ಮಾಡಿಸಿಕೊಂಡು ಬಂದು, ಓಕ್ ಮರದ ಮಂಚದ ಕಾಲುಗಳನ್ನು ಹಿಂದಿನ ಕೋಣೆಯ ನೆಲಕ್ಕೆ ಬಿಗಿದ. "ಇನ್ನು ನನ್ನನ್ನ ವರ್ಜೀನಿಯಾದವ್ನು ಅನ್ನೋನು ಈ ಮಂಚ ಅಲ್ಲಾಡ್ಸಿ ತೋರಿಸ್ಲಿ," ಎಂದ. ಮಕ್ಕಳಿಗೆ ಅವನು ಹೇಳಿಕೊಟ್ಟದ್ದು ಒಂದೇ ಪಾಠ: ಸರ್ಕಾರದ ಕೈಗೆ ಎಲ್ಲಾದರೂ ಒಂದು ಕಡೆ ಗೆರೆ ಇರಬೇಕು, ಇಲ್ಲದಿದ್ದರೆ ಅದು ಕುತ್ತಿಗೆಗೇ ಬರುತ್ತದೆ.

ವಾಷಿಂಗ್ಟನ್‌ನ ಅಬಕಾರಿಯವರಿಗೆ ಆ ಗೆರೆ ಗಿರೆ ಏನೂ ಇರಲಿಲ್ಲ. ಒಕ್ಕೂಟ ಸರ್ಕಾರದವರಿಗೆ ಟೆನೆಸಿಯೂ ಒಂದೇ, ವರ್ಜೀನಿಯಾವೂ ಒಂದೇ. ವರ್ಲಿಗೆ ಹದಿನಾಲ್ಕು, ಲಾಯಲ್‌ಗೆ ಹತ್ತು ವರ್ಷವಿದ್ದಾಗ ಅವರು ಮುಂಬಾಗಿಲಿನಿಂದಲೂ ಹಿಂಬಾಗಿಲಿನಿಂದಲೂ ಒಟ್ಟಿಗೆ ನುಗ್ಗಿದರು. ಅಮ್ಮ ಲಾಯಲ್‌ನನ್ನು ಎಳೆದುಕೊಂಡು ಆಲೂಗಡ್ಡೆಯ ನೆಲಮಾಳಿಗೆಗೆ ಇಳಿದಳು. ಮೊದಲು ಕೋವಿ ಹಾರಿಸಿದವನು ಹೋಬರ್ಟನೇ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವರು ತಿರುಗಿ ಹೊಡೆದ ಗುಂಡು ಅವನ ತೊಡೆಗೆ ನುಗ್ಗಿತು. ಹಜಾರದಲ್ಲಿ ಬಿದ್ದ. ತಲೆ ವರ್ಜೀನಿಯಾದಲ್ಲಿ, ಕಾಲು ಟೆನೆಸಿಯಲ್ಲಿ.

ಆಗೆಲ್ಲ ನಮ್ಮ ಕಡೆ ಹೆಣ ಸಾಗಿಸುವವರ ಗಾಡಿಯೇ ಆಂಬುಲೆನ್ಸು. ಎರಡೂ ಕಡೆಯಿಂದ ಒಂದೊಂದು ಗಾಡಿ ಬಂತು, ಜೊತೆಗೆ ಒಬ್ಬೊಬ್ಬ ಶೆರಿಫ್ ಬಂದ. ಇಷ್ಟು ವರ್ಷ ಆ ಹಜಾರದಲ್ಲಿ ನಿಂತು ಅವಮಾನ ಪಟ್ಟವರು ಅವರು. ಗುಂಡು ಬಿದ್ದ ಕಾಲು ನಿಮ್ಮ ಕಡೆಯದು, ನೀವು ಎತ್ತಿ ಎಂದು ಒಬ್ಬ. ಉಸಿರಾಡುವ ಮೂಗು ನಿಮ್ಮ ಕಡೆಯದು, ನೀವೇ ಎತ್ತಿ ಎಂದು ಇನ್ನೊಬ್ಬ. ವರ್ಲಿ ಅಪ್ಪನ ತೊಡೆಗೆ ತನ್ನ ಲಂಗವನ್ನು ಒತ್ತಿ ಹಿಡಿದು ಕೂತಿದ್ದಳು. ರಕ್ತ ಬೆಚ್ಚಗೆ ಬೆರಳ ಸಂದಿಯಿಂದ ಬರುತ್ತಲೇ ಇತ್ತು. ಅವರ ವಾದ ಮುಗಿಯುವ ಮೊದಲು ರಕ್ತ ಮುಗಿಯಿತು.

ಅಮ್ಮ ನೆಲಮಾಳಿಗೆಯಿಂದ ಮೇಲೆ ಬಂದವಳು ಎಲ್ಲ ಕೇಳಿಸಿಕೊಂಡು, ಮಗಳ ಭುಜ ಹಿಡಿದು ಒಂದು ಮಾತು ಹೇಳಿದಳು: "ತಮ್ಮನಿಗೆ ಇದನ್ನ ಹೇಳ್ಬೇಡ. ಶೆರಿಫ್‌ಗಳಿಬ್ರೂ ಇದೇ ಕಣಿವೇಲಿ ಇರೋರು. ನಾಳೆ ಇವ್ನು ದೊಡ್ಡವನಾಗಿ ಅವ್ರಿಗೆ ಗುಂಡು ಹೊಡೀತಾನೆ, ಅವ್ರ ಮಕ್ಕಳು ಇವ್ನಿಗೆ ಹೊಡೀತಾರೆ. ವಾಷಿಂಗ್ಟನ್‌ನೋರು ಕೊಂದ್ರು ಅಂತ ಇರ್ಲಿ. ವಾಷಿಂಗ್ಟನ್ ದೂರ ಇದೆ, ಅಷ್ಟು ದೂರಕ್ಕೆ ಇವ್ನ ಗುಂಡು ಹೋಗಲ್ಲ." ನಮ್ಮ ಕಣಿವೆಯ ತಾಯಂದಿರ ಲೆಕ್ಕಾಚಾರ ಹೀಗೇ. ಮಗನ ಹಗೆತನವನ್ನು ತಪ್ಪಿಸಲಾಗುವುದಿಲ್ಲ ಎಂದು ಗೊತ್ತಿರುತ್ತದೆ, ಅದನ್ನು ಯಾರ ಕಡೆಗೆ ತಿರುಗಿಸಬೇಕೆಂದು ಮಾತ್ರ ನೋಡುತ್ತಾರೆ.

ಲಾಯಲ್ ಬೆಳೆದು ಸಾ ಮಿಲ್ಲಿಗೆ ಸೇರಿದ. ಅಪ್ಪನ ಮಂಚದ ಮೇಲೇ ಮಲಗಿದ, ಅಪ್ಪನ ಜೋಡುನಳಿಗೆ ಕೋವಿಯನ್ನು ಪಕ್ಕದಲ್ಲೇ ಇಟ್ಟುಕೊಂಡ. ಮದುವೆಯಾಗಲಿಲ್ಲ. ಶನಿವಾರ ಬಂತೆಂದರೆ ಯಾರದಾದರೂ ಮೂಗು ಒಡೆದು ಬರುತ್ತಿದ್ದ, ಭಾನುವಾರ ಚರ್ಚಿನಲ್ಲಿ ಗಟ್ಟಿಯಾಗಿ ಹಾಡುತ್ತಿದ್ದ. ಗಂಡನನ್ನು ಬಿಟ್ಟು ಬಂದ ವರ್ಲಿ ಮುಂದಿನ ಕೋಣೆಯ ಸೋಫಾದ ಮೇಲೆ ಮಲಗಿದಳು. ಅಲ್ಲಿಗೆ ಅವಳು ವರ್ಜೀನಿಯಾದವಳು, ಅವನು ಟೆನೆಸಿಯವನು. ಬೀನ್ಸಿನ ಪಾತ್ರೆ ಮಾತ್ರ ಒಂದೇ.

ಬಡವರಿಗೆಲ್ಲ ಚಿಕಿತ್ಸೆಯ ಕಾರ್ಡು ಕೊಡಬೇಕು, ಕೊಡದ ರಾಜ್ಯಕ್ಕೆ ಈಗಾಗಲೇ ಕೊಡುತ್ತಿರುವ ಹಣವನ್ನೂ ನಿಲ್ಲಿಸುತ್ತೇವೆ ಎಂದು ವಾಷಿಂಗ್ಟನ್ ಕಾನೂನು ತಂದಾಗ ಲಾಯಲ್ ಕೆಂಡವಾಗಿದ್ದ. ಆಮೇಲೆ ದೊಡ್ಡ ಕೋರ್ಟು ತೀರ್ಪು ಕೊಟ್ಟಿತು: ಹಾಗೆ ರಾಜ್ಯಗಳ ಕತ್ತು ಹಿಸುಕಿ ಮಾಡಿಸುವ ಅಧಿಕಾರ ಸಂವಿಧಾನದಲ್ಲಿ ಇಲ್ಲ, ಬೇಕಾದ ರಾಜ್ಯ ಮಾಡಲಿ, ಬೇಡವಾದರೆ ಬಿಡಲಿ. ಅವತ್ತು ಲಾಯಲ್ ಅಂಗಳದಲ್ಲಿ ನಿಂತು ಕೋವಿಯ ಎರಡೂ ನಳಿಗೆಗಳನ್ನು ಆಕಾಶಕ್ಕೆ ಹಾರಿಸಿದ. "ಅಪ್ಪಾ! ಕೇಳಿಸ್ತಾ? ಅವ್ರ ಕೈಗೂ ಗೆರೆ ಬಿತ್ತು!" ಎಂದು ಕೂಗಿದ. ಸಂಜೆ ಹೋಟೆಲಿನಲ್ಲಿ ಯಾರೋ ಪಾಪದವನು, ಬಡವರಿಗೆ ಇದರಿಂದ ತೊಂದರೆಯಲ್ಲವಾ ಎಂದು ಕೇಳಿದ್ದಕ್ಕೆ ಅವನ ತಲೆಯನ್ನು ಮೇಜಿಗೆ ಕುಟ್ಟಿ, ಕೈ ಒರೆಸುವ ಕಾಗದದ ಸ್ಟೀಲ್ ಡಬ್ಬಿ ಹಣೆಗೆ ನಾಟುವ ಹಾಗೆ ಮಾಡಿದ. ಊರಿನ ಅರ್ಧ ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟೋ ಜನರಿಗೆ ಚಿಕಿತ್ಸೆ ಸಿಗದೆ ಹಲ್ಲು ಈಗ ಇಲ್ಲ, ಕಣ್ಣು ಕಾಣುವುದಿಲ್ಲ. ಅದು ಅವರ ಹಣೆಬರಹ ಎಂದು ಬಿಟ್ಟುಬಿಡೋಣ ಎಂದರೆ ನನಗೆ ಬಿಡಲಾಗುವುದಿಲ್ಲ.

ಟೆನೆಸಿ ಬೇಡ ಎಂದಿತು. ವರ್ಜೀನಿಯಾವೂ ಬೇಡ ಎಂದೇ ವರ್ಷಗಟ್ಟಲೆ ಕೂತಿತ್ತು, ಕೊನೆಗೆ ಮನಸ್ಸು ಬದಲಾಯಿಸಿತು. ಹೀಗಾಗಿ ಒಂದು ಬೆಳಿಗ್ಗೆ ಸೋಫಾದ ಮೇಲೆ ಮಲಗುವವಳಿಗೆ ಕಾರ್ಡು ಬಂತು, ಮಂಚದ ಮೇಲೆ ಮಲಗುವವನಿಗೆ ಬರಲಿಲ್ಲ. ಅಷ್ಟರಲ್ಲಿ ಸಾ ಮಿಲ್ಲು ಮುಚ್ಚಿ ಲಾಯಲ್ ಖಾಲಿ ಕೈಯಲ್ಲಿದ್ದ. ಸರ್ಕಾರದ ನೆರವಿನಿಂದ ಇನ್ಶೂರೆನ್ಸ್ ಕೊಳ್ಳೋಣವೆಂದರೆ, ಆ ನೆರವು ಅವನಿಗಿಂತ ಸ್ವಲ್ಪ ಉಳ್ಳವರಿಗೆ ಮಾತ್ರ. ಕಡುಬಡವರನ್ನು ರಾಜ್ಯವೇ ನೋಡಿಕೊಳ್ಳುತ್ತದೆ ಎಂದುಕೊಂಡು ಕಾನೂನು ಬರೆದಿದ್ದರು. ಬಡತನ ಜಾಸ್ತಿಯಾಯಿತು ಎಂದು ಸಹಾಯ ತಪ್ಪಿದವನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಕಡೆ ಬನ್ನಿ, ಬೇಕಾದಷ್ಟು ಜನರನ್ನು ತೋರಿಸುತ್ತೇನೆ.

ಲಾಯಲ್‌ಗೆ ಸಕ್ಕರೆ ಕಾಯಿಲೆ ಇರುವುದು ವರ್ಲಿಗೆ ಗೊತ್ತಿತ್ತು, ಕಾಲು ಕೊಳೆಯುತ್ತಿರುವುದು ಗೊತ್ತಿರಲಿಲ್ಲ. ಅದು ತಿಳಿದದ್ದು ಕಾಲು ತೊಳೆಯುವ ಭಾನುವಾರ. ನಮ್ಮ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಗಂಡಸರು ಗಂಡಸರ, ಹೆಂಗಸರು ಹೆಂಗಸರ ಕಾಲನ್ನು ಬೋಗುಣಿಯಲ್ಲಿಟ್ಟು ತೊಳೆದು, ಸೊಂಟಕ್ಕೆ ಸುತ್ತಿದ ಟವೆಲಿನಿಂದ ಒರೆಸುತ್ತಾರೆ. ಎದುರಿಗೆ ಮೊಣಕಾಲೂರಿದವನಿಗೆ ಕಾಲು ಕೊಡುವುದಿಲ್ಲ ಎನ್ನುವ ಹಾಗಿಲ್ಲ. ಅವತ್ತು ಲಾಯಲ್‌ನ ಮುಂದೆ ಕೂತವರು ಪಾದ್ರಿ ಗೇಲನ್.

"ಇವತ್ತು ಬೇಡ ಪಾದ್ರಿಗಳೇ. ಶೀತ ಆಗಿದೆ," ಎಂದ ಲಾಯಲ್.

"ಕಾಲಿಗೆ ಶೀತ ಆಗುತ್ತೇನಪ್ಪಾ? ಕೊಡು ಇಲ್ಲಿ," ಎಂದು ನಗುತ್ತಾ ಪಾದ್ರಿ ಬೂಟು ಎಳೆದು, ಕಾಲುಚೀಲ ಜಗ್ಗಿದರು. ಚೀಲದ ಜೊತೆ ಚರ್ಮವೂ ಬಂತು. ನಾತಕ್ಕೆ ಎದುರುಸಾಲಿನ ಹೆಂಗಸರು ಬಾಯಿಗೆ ಟವೆಲು ಒತ್ತಿಕೊಂಡರು. ಎರಡು ಬೆರಳು ಕರಿಕಟ್ಟಿದ್ದವು. ಲಾಯಲ್ ಬೋಗುಣಿ ಎತ್ತಿ, ನೀರಿನ ಸಮೇತ ಪಾದ್ರಿಯ ಮುಖಕ್ಕೆ ಬೀಸಿದ. ಪಾದ್ರಿಯ ಹುಬ್ಬು ಹರಿದು ರಕ್ತ ಬಿಳಿ ಅಂಗಿಯ ಮೇಲೆ ಇಳಿಯಿತು. ಒಂದು ಕಾಲಿನಲ್ಲಿ ಬೂಟು, ಒಂದು ಕಾಲು ಬರಿದು, ಲಾಯಲ್ ಬೆಂಚುಗಳನ್ನು ಹಿಡಿದುಕೊಂಡು ಹೊರಗೆ ನಡೆದ.

ವರ್ಲಿ ಅವನನ್ನು ಪಿಕಪ್ ಗಾಡಿಗೆ ತುಂಬಿ ಟೆನೆಸಿ ಕಡೆಯ ಆಸ್ಪತ್ರೆಗೆ ಓಡಿಸಿದಳು. ಸಾಯುವ ಸ್ಥಿತಿಯಲ್ಲಿ ಬಂದವನನ್ನು ಯಾವ ಆಸ್ಪತ್ರೆಯೂ ಹೊರಗೆ ದಬ್ಬುವಂತಿಲ್ಲ, ಅದೊಂದು ಕಾನೂನು ಎಲ್ಲ ಕಡೆಗೂ ಇದೆ. ಒಳಗೆ ಕರೆದುಕೊಂಡರು, ಜ್ವರ ಇಳಿಸಿದರು, ಕರಿಕಟ್ಟಿದ ಬೆರಳು ತೆಗೆದರು, ಸಾಯುವುದಿಲ್ಲ ಎಂದು ಗೊತ್ತಾದ ಮೇಲೆ ಮನೆಗೆ ಕಳಿಸಿದರು. ವಯಸ್ಸಾದ ಡಾಕ್ಟರು ವರ್ಲಿಯನ್ನು ಬದಿಗೆ ಕರೆದರು.

"ತೊಡೆಯಲ್ಲಿ ರಕ್ತನಾಳ ಮುಚ್ಚಿಹೋಗಿದೆಯಮ್ಮ. ಅದನ್ನ ಬಿಡಿಸ್ಬೇಕು, ಬೇಕಾಗಿ ಬಂದ್ರೆ ಕಾಲೂ ಕಡೀಬೇಕು, ಆಮೇಲೆ ತಿಂಗಳಾನುಗಟ್ಟಲೆ ಔಷಧಿ ಬೇಕು. ಕಾರ್ಡು ಇಲ್ದೆ ಯಾವ ಸರ್ಜನ್ನೂ ದಿನ ಕೊಡಲ್ಲ. ಹೀಗೇ ಬಿಟ್ರೆ ಬೇಸಿಗೆ ದಾಟಲ್ಲ."

"ಸತ್ತೇ ಹೋಗ್ತಾನಾ?"

"ಹೋಗ್ತಾನೆ."

ಮೇಳದ ಮೈದಾನದಲ್ಲಿ ನಡೆಯುವ ಪುಕ್ಕಟೆ ವೈದ್ಯರ ಶಿಬಿರಕ್ಕೂ ವರ್ಲಿ ಹೋಗಿ ಕೇಳಿದಳು. ಅಲ್ಲಿ ಹಲ್ಲು ಕೀಳುತ್ತಾರೆ, ಕನ್ನಡಕ ಕೊಡುತ್ತಾರೆ, ರಕ್ತನಾಳ ಬಿಡಿಸುವುದಿಲ್ಲ. ಅಂಗವಿಕಲರ ಪಿಂಚಣಿಗೆ ಬರೆದದ್ದು ಯಾವ ಮೇಜಿನ ಮೇಲಿತ್ತೋ ದೇವರೇ ಬಲ್ಲ. ಮನೆಗೆ ಬಂದವಳು ಹಜಾರದಲ್ಲಿ ನಿಂತು ಆ ಕಡೆ ಈ ಕಡೆ ನೋಡಿದಳು. ತಮ್ಮನ ಪ್ರಾಣ ಉಳಿಯುವುದಕ್ಕೆ ಅವನು ಹತ್ತು ಹೆಜ್ಜೆ ಈಚೆಗೆ ಬಂದು ಮಲಗಿದರೆ ಸಾಕಿತ್ತು.

ಮುಂದಿನ ಕೋಣೆಯಲ್ಲಿ ಮಡಚುವ ಮಂಚ ಹಾಕಿದಳು. ಹಾಸಿಗೆ ಹಾಸಿದಳು. ಹೋಗಿ ಕರೆದಳು.

"ಬಾರೋ, ಇನ್ಮೇಲೆ ಅಲ್ಲಿ ಮಲಗು."

"ವರ್ಜೀನಿಯಾದಲ್ಲಾ?"

"ನನ್ನ ಕೋಣೇಲಿ ಕಣೋ."

"ಅಕ್ಕ, ಆ ಕಾರ್ಡಿನ ದುಡ್ಡು ಬರೋದು ವಾಷಿಂಗ್ಟನ್ನಿಂದ. ನೀನು ತಗೊಂಡ್ಯಾ, ತಗೋ, ನಾನು ಬೇಡ ಅಂದ್ನಾ? ಅಪ್ಪನ್ನ ಕೊಂದವ್ರ ಕೈಯಿಂದ ನಾನು ಮಾತ್ರೆ ತಿನ್ನಲ್ಲ."

"ಸಾಯ್ತೀಯಲ್ಲೋ ಮುಠ್ಠಾಳ!"

"ಟೆನೆಸಿಯವನಾಗಿ ಸಾಯ್ತೀನಿ."

ಅವತ್ತು ವರ್ಲಿ ಮೊದಲ ಸಲ ತಮ್ಮನ ಮೇಲೆ ಕೈ ಎತ್ತಿದಳು. ಕೆನ್ನೆಗೆ ಬಿಟ್ಟ ಏಟಿಗೆ ಅವನ ತಲೆ ಮಂಚದ ಪಟ್ಟಿಗೆ ಬಡಿಯಿತು. ಕಂಕುಳಿಗೆ ಕೈ ಹಾಕಿ ಎಳೆದಳು. ಅವನು ಅವಳ ಕೂದಲು ಹಿಡಿದ, ಅವಳು ಅವನ ಮಣಿಕಟ್ಟು ಕಚ್ಚಿದಳು. ಅರವತ್ತು ದಾಟಿದ ಅಕ್ಕ, ಅರವತ್ತರ ಹತ್ತಿರದ ತಮ್ಮ, ಹಜಾರದಲ್ಲಿ ನಾಯಿಗಳ ಹಾಗೆ ಹೊರಳಾಡಿದರು. ಕೊನೆಗೂ ಅವಳು ಅವನನ್ನು ಮುಂದಿನ ಕೋಣೆಗೆ ತಂದು ಮಡಚುವ ಮಂಚದ ಮೇಲೆ ಕೆಡವಿದಳು. ಹಾಲು ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವನು ತೆವಳಿಕೊಂಡು ಹಿಂದಿನ ಕೋಣೆಗೆ ಹೋಗಿ ಅಪ್ಪನ ಮಂಚ ಹತ್ತಿದ್ದ. ಹಜಾರದ ಉದ್ದಕ್ಕೂ ಕೀವು, ರಕ್ತ.

ತಮ್ಮನ ಹೆಸರಿನಲ್ಲಿ ವರ್ಲಿ ಹಾಕಿದ ಅರ್ಜಿಯನ್ನು ವಿಚಾರಿಸಲು ಕಾರ್ಡಿನ ಕಚೇರಿಯಿಂದ ಮಿಸ್ ಆಸ್ಬರ್ನ್ ಎಂಬ ಹೆಂಗಸು ಬಂದಳು. ವರ್ಜೀನಿಯಾ ಕಡೆಯ ಜಿಲ್ಲಾ ಕಚೇರಿಯವಳು, ಮೆತ್ತಗಿನ ಮಾತು, ದಣಿದ ಮುಖ. ಗಡಿಯ ಮೇಲಿನ ಮನೆಯಾದ್ದರಿಂದ ಕಣ್ಣಾರೆ ನೋಡಿ ಬಾ ಎಂದು ಕಳಿಸಿದ್ದರು. ವರ್ಲಿ ಅವಳನ್ನು ಮುಂದಿನ ಕೋಣೆಯಲ್ಲಿ ಕೂರಿಸಿ, ತಮ್ಮ ಇಲ್ಲೇ ಮಲಗುತ್ತಾನೆ ಎಂದು ಆಣೆ ಇಟ್ಟು ಹೇಳುತ್ತಿದ್ದಳು. ಹಿಂದಿನ ಕೋಣೆಯಿಂದ ಲಾಯಲ್‌ನ ದನಿ ಬಂತು.

"ಸುಳ್ಳು ಮೇಡಂ! ನಾನು ಟೆನೆಸಿಯವ್ನು! ಬಂದು ನೋಡಿ, ಬೋಲ್ಟು ಹಾಕಿದ ಮಂಚ!"

ಮಿಸ್ ಆಸ್ಬರ್ನ್ ಪೆನ್ನು ಮುಚ್ಚಿದಳು. "ನನಗೂ ಬೇಜಾರೇ ವರ್ಲಿಯವ್ರೇ. ಆದ್ರೆ ಅವ್ರು ಬೇಡ ಅಂದ್ರೆ ನಾನು ಬಲವಂತ ಮಾಡೋ ಹಾಗಿಲ್ಲ. ಅವ್ರೇ ಬಾಯಿಬಿಟ್ಟು ಹೇಳ್ಬೇಕು." ಅವಳು ಹೋದ ಮೇಲೆ ವರ್ಲಿ ಜಗಲಿಯ ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಗಂಡನನ್ನು ಬಿಟ್ಟ ದಿನವೂ ಅವಳು ಅತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ತಿಂಡಿ ಮಾಡಿದಳು. ತಮ್ಮನಿಗೆ ಮೊಟ್ಟೆ ಹುರಿದು ಕೊಟ್ಟಳು. ತಟ್ಟೆ ತೊಳೆದಿಟ್ಟಳು. ಪಾತ್ರೆಪಗಡ, ಅಮ್ಮನ ಕೌದಿ, ಅಪ್ಪನ ಫೋಟೋ ಎಲ್ಲವನ್ನೂ ಜಗಲಿಗೆ ಸಾಗಿಸಿದಳು. ಕೊಟ್ಟಿಗೆಯಿಂದ ಮರ ಕೊಯ್ಯುವ ಮೋಟಾರು ಗರಗಸ ತಂದು ಹಗ್ಗ ಎಳೆದು ಚಾಲೂ ಮಾಡಿದಳು. ಅಡುಗೆಮನೆಯ ಮೂಲೆಗಂಬಕ್ಕೆ ಹಲ್ಲು ಕೂರಿಸಿದಳು.

"ಲೇ ಅಕ್ಕ! ಏನ್ಮಾಡ್ತಿದೀಯೇ?"

"ಟೆನೆಸಿ ಕಡೀತಿದೀನಿ!"

ಗೋಡೆಯ ಕಂಬಗಳನ್ನು ಕೊಯ್ದು, ಪಿಕಪ್ಪಿಗೆ ಸರಪಳಿ ಕಟ್ಟಿ ಎಳೆದಳು. ಅಡುಗೆಮನೆಯ ಮಾಡು ಮುರಿದು ಅಂಗಳಕ್ಕೆ ಬಿತ್ತು. ಗಾಜು ಸಿಡಿದು ಕೈ ಹರಿಯಿತು. ರಸ್ತೆಯಲ್ಲಿ ಜನ ಸೇರಿದರು. ಯಾರೋ ದೂರದಿಂದಲೇ ಕೂಗಿದರು: "ವರ್ಲಿ ಚಿಕ್ಕಮ್ಮಾ, ಶೆರಿಫ್‌ಗೆ ಫೋನ್ ಮಾಡ್ಲಾ?"

"ಯಾವ ರಾಜ್ಯದವ್ನಿಗೆ ಮಾಡ್ತೀಯೋ ನೋಡ್ತೀನಿ, ಮಾಡು!" ಎಂದು ಅವಳು ಗರಗಸ ಎತ್ತಿ ತೋರಿಸಿದಳು. ಯಾರೂ ಮಾಡಲಿಲ್ಲ.

ಅವಳು ಮಲಗುವ ಕೋಣೆಯ ಗೋಡೆಗೆ ಬಂದಾಗ ಲಾಯಲ್ ಕೋವಿ ಎತ್ತಿಕೊಂಡಿದ್ದ. ಒಂದು ನಳಿಗೆಯನ್ನು ಮಾಡಿಗೆ ಹಾರಿಸಿದ. ಅವಳು ನಿಲ್ಲಿಸಲಿಲ್ಲ. ಹಲಗೆ ಕಡಿದು ಕಿಂಡಿ ಮಾಡಿದಳು, ಆ ಕಿಂಡಿಯಲ್ಲಿ ಅವಳ ಮುಖ ಕಂಡಿತು. ಇನ್ನೊಂದು ನಳಿಗೆಯನ್ನು ಅವಳ ಕಡೆಗೇ ಹಾರಿಸಿದ. ಚರೆ ಭುಜದ ಮಾಂಸವನ್ನು ಹರಿದುಕೊಂಡು ಹೋಯಿತು. ವರ್ಲಿ ಹಿಂದಕ್ಕೆ ಬಿದ್ದಳು, ಎದ್ದಳು, ಬಿದ್ದ ಗರಗಸವನ್ನು ಇನ್ನೊಂದು ಕೈಗೆ ತೆಗೆದುಕೊಂಡಳು.

"ಮುಗೀತಾ? ತುಂಬ್ಕೋ ಮತ್ತೆ. ನಾನೇನೂ ಓಡಿಹೋಗಲ್ಲ," ಎಂದಳು. ಲಾಯಲ್ ಖಾಲಿ ಕೋವಿಯನ್ನು ಹಾಸಿಗೆಯ ಮೇಲೆ ಕೆಡವಿದ.

ಮಧ್ಯಾಹ್ನದ ಹೊತ್ತಿಗೆ ಕೋಣೆಯೇ ಇರಲಿಲ್ಲ. ಮೂರು ಕಡೆ ಬಯಲು, ಮೇಲೆ ಆಕಾಶ, ನಡುವೆ ನೆಲದ ಹಲಗೆಗೆ ಬೋಲ್ಟು ಬಿಗಿದ ಓಕ್ ಮಂಚ, ಅದರ ಮೇಲೆ ಮರದ ಹೊಟ್ಟು ಮೆತ್ತಿಕೊಂಡು ಕೂತ ಲಾಯಲ್. "ಮಂಚ ಇಲ್ಲೇ ಇದೆ ಕಣೇ. ಮಳೇಲಿ ನೆನೀತೀನಿ, ಬಿಟ್ಟು ಬರಲ್ಲ," ಎಂದ. ಅವನ ಹಲ್ಲು ಜ್ವರಕ್ಕೆ ಕಟಕಟ ಎನ್ನುತ್ತಿದ್ದವು.

ವರ್ಲಿ ಗರಗಸ ಆರಿಸಿ ಅವನ ಪಕ್ಕ ಕೂತಳು. ಅಮ್ಮ ಸತ್ತು ಎಷ್ಟೋ ಕಾಲವಾಗಿತ್ತು, ಶೆರಿಫ್‌ಗಳಿಬ್ಬರೂ ಮಣ್ಣಾಗಿದ್ದರು. ಆದದ್ದೆಲ್ಲವನ್ನೂ ಹೇಳಿದಳು. ಎರಡು ಗಾಡಿ ಬಂದದ್ದು, ತಲೆ ಯಾರದು ಕಾಲು ಯಾರದು ಎಂದು ಜಗಳವಾಡಿದ್ದು, ತನ್ನ ಲಂಗ ತೊಯ್ದದ್ದು. "ಗುಂಡು ತೊಡೆಗೆ ಬಿದ್ದಿತ್ತು ಕಣೋ. ಆಸ್ಪತ್ರೆಗೆ ಹಾಕಿದ್ರೆ ಬದುಕ್ತಿದ್ದ. ಅಪ್ಪನ್ನ ಕೊಂದದ್ದು ಗುಂಡಲ್ಲ, ನೀನು ಪೂಜೆ ಮಾಡ್ತೀಯಲ್ಲ, ಈ ಗೆರೆ."

"ಸುಳ್ಳು," ಎಂದ ಲಾಯಲ್. "ನನ್ನನ್ನ ಎಬ್ಬಿಸೋಕೆ ಕಟ್ಟಿದ ಸುಳ್ಳು."

"ಸುಳ್ಳಾದ್ರೆ ಸುಳ್ಳೇ," ಎಂದು ಅವಳು ಎದ್ದು, ಮತ್ತೆ ಗರಗಸ ಚಾಲೂ ಮಾಡಿ, ಮಂಚದ ಕಾಲುಗಳನ್ನು ಬೋಲ್ಟಿಗಿಂತ ಮೇಲೆ ಒಂದೊಂದಾಗಿ ಕೊಯ್ದಳು. ಮಂಚ ದಡಾರನೆ ನೆಲಕ್ಕೆ ಕೂತಿತು. ಹಾಸಿಗೆಯನ್ನು ಅವನ ಸಮೇತ ಎಳೆದು, ಹಜಾರ ದಾಟಿಸಿ, ಮುಂದಿನ ಕೋಣೆಗೆ ತಂದಳು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಮುಖ ತಿರುಗಿಸಿಕೊಂಡು ಮಲಗಿದ. ಅವಳು ಹಜಾರದ ತೆರೆದ ಬಾಯಿಗೆ ಟಾರ್ಪಾಲು ಕಟ್ಟಿ, ಮಿಸ್ ಆಸ್ಬರ್ನ್‌ಗೆ ಫೋನ್ ಮಾಡಿದಳು.

ಮಿಸ್ ಆಸ್ಬರ್ನ್ ಬಂದವಳು ಮೊದಲು ಮನೆಯ ಸುತ್ತ ಒಂದು ಸುತ್ತು ಹಾಕಿ ಬಂದಳು. ವರ್ಲಿಯ ಭುಜದ ಬ್ಯಾಂಡೇಜು ನೋಡಿದಳು. ಏನೂ ಕೇಳಲಿಲ್ಲ, ನಮ್ಮ ಕಣಿವೆಯವಳೇ ತಾನೆ. ಲಾಯಲ್‌ನ ಹಾಸಿಗೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. ಕೋಣೆಯಲ್ಲಿ ಕಾಲಿನ ನಾತ ಗಟ್ಟಿಯಾಗಿತ್ತು.

"ಲಾಯಲ್‌ರವ್ರೇ, ಮನೆ ಇಷ್ಟೇ ಉಳಿದಿದೆ ಅಂತ ನಾನು ಬರ್ಕೋಬಹುದು. ಆದ್ರೆ ನೀವು ಯಾವ ರಾಜ್ಯದಲ್ಲಿ ಇರೋಕೆ ಇಷ್ಟಪಡ್ತೀರಿ ಅನ್ನೋದನ್ನ ನೀವೇ ಹೇಳ್ಬೇಕು. ಅಕ್ಕ ಹೇಳಿದ್ರೆ ಆಗಲ್ಲ. ಯಾರೂ ಹೇಳಿಸೋ ಹಾಗೂ ಇಲ್ಲ."

ಲಾಯಲ್ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ವರ್ಲಿ ಗೋಡೆಗೆ ಒರಗಿ ನಿಂತಿದ್ದಳು. ಗೋಡೆಯನ್ನು ಕೊಯ್ದಿದ್ದಳು, ಮಂಚದ ಕಾಲು ಕೊಯ್ದಿದ್ದಳು, ತಮ್ಮನ ಬಾಯಿಯಿಂದ ಒಂದು ಮಾತು ಕೀಳಲು ಅವಳ ಹತ್ತಿರ ಯಾವ ಆಯುಧವೂ ಉಳಿದಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವಳಿಗೆ ಹೆದರಿಕೆಯಾಯಿತು.

ಕೊನೆಗೆ ಅವನು ತಲೆ ಹೊರಳಿಸಿ ಅಕ್ಕನನ್ನು ನೋಡಿದ.

"ಆ ಹೊತ್ತಲ್ಲಿ ಅಪ್ಪ ಏನಾದ್ರೂ ಅಂದ್ನಾ?"

"ನೀರು ಕೇಳಿದ."

"ಆಮೇಲೆ?"

"ಯಾವ ಕಡೆಯವ್ರಾದ್ರೂ ಸರಿ, ಎತ್ರಪ್ಪಾ ನನ್ನ, ಅಂದ. ಅಷ್ಟೇ ಅಂತಿದ್ದ. ಮತ್ತೆ ಮತ್ತೆ ಅದೇ ಅಂತಿದ್ದ."

ಲಾಯಲ್ ಕಣ್ಣು ಮುಚ್ಚಿದ.

"ವರ್ಜೀನಿಯಾ," ಎಂದ.

"ಸ್ವಲ್ಪ ಜೋರಾಗಿ ಹೇಳ್ತೀರಾ?" ಎಂದಳು ಮಿಸ್ ಆಸ್ಬರ್ನ್.

"ವರ್ಜೀನಿಯಾ ಅಂದೆ! ಕಿವುಡೇನ್ರೀ ನಿಮಗೆ?"

ವರ್ಲಿ ಓಡಿಬಂದು ಅವನ ಪಕ್ಕ ಮೊಣಕಾಲೂರಿದಳು. ಹಾಸಿಗೆಯ ಪಕ್ಕದಲ್ಲಿದ್ದ ಊರುಗೋಲು ಯಾವಾಗ ಅವನ ಕೈಗೆ ಬಂತೋ ಅವಳು ನೋಡಲಿಲ್ಲ. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಅವಳ ಬಾಯಿಗೆ ಬೀಸಿದ. ಎರಡು ಹಲ್ಲು ನೆಲದ ಮೇಲೆ ಬಿದ್ದವು.

"ಇಷ್ಟು ವರ್ಷ!" ಎಂದು ಅವನು ಅರಚಿದ. "ಇಷ್ಟು ವರ್ಷ ಯಾಕೆ ಹೇಳ್ಲಿಲ್ವೇ? ಯಾರ್ಯಾರನ್ನೋ ಹೊಡೆದೆನಲ್ಲೇ ನಾನು! ಯಾರ್ಯಾರನ್ನೋ!"

ಮಿಸ್ ಆಸ್ಬರ್ನ್ ಕುರ್ಚಿ ಕೆಡವಿಕೊಂಡು ಎದ್ದು ನಿಂತಿದ್ದಳು. ವರ್ಲಿ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು, ರಕ್ತ ಸುರಿಯುತ್ತಿರುವಂತೆಯೇ ಇನ್ನೊಂದು ಕೈಯಿಂದ ಅವಳ ಪೆನ್ನನ್ನು ತೋರಿಸಿದಳು.

"ಬರ್ಕೊಳ್ಳಿ ಮೇಡಂ," ಎಂದಳು. "ಅವ್ನು ಹೇಳಿದ್ದು ಕೇಳಿಸ್ತಲ್ಲ? ಮೊದ್ಲು ಅದನ್ನ ಬರ್ಕೊಳ್ಳಿ."

ಮಿಸ್ ಆಸ್ಬರ್ನ್ ನಿಂತೇ ಬರೆದುಕೊಂಡಳು. ಕಾರ್ಡು ಬಂತು, ಆಪರೇಷನ್ ಆಯಿತು. ಮೊಣಕಾಲಿನ ಕೆಳಗೆ ಕಾಲು ಹೋಯಿತು, ಲಾಯಲ್ ಉಳಿದ.